ಮೂತ್ರದ ಲೆಕ್ಕ

ಅಪ್ಪನ ಮೂತ್ರವನ್ನು ಅಳೆದು ಕಾಗದದ ಮೇಲೆ ಬರೆಯುವ ಕೆಲಸ ನನಗೆ ಬಂದದ್ದು ಅವನದೇ ಹಠದಿಂದ. ಡಾಕ್ಟರು ಪೈಪ್ ಹಾಕೋಣ ಎಂದಿದ್ದರು. ಹಾಕಿದ್ದರೆ ಮಂಚದ ಪಕ್ಕದ ಚೀಲದಲ್ಲಿ ಎಷ್ಟು ತುಂಬಿದೆ ಎಂದು ಯಾರು ಬೇಕಾದರೂ ನೋಡಬಹುದಿತ್ತು, ಯಾರ ಬಾಯಿಮಾತನ್ನೂ ನಂಬಬೇಕಾಗಿರಲಿಲ್ಲ. ಅಪ್ಪ ಆಕ್ಸಿಜನ್ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಎರಡೂ ಕೈ ಮುಗಿದ. ಅದೊಂದು ಬೇಡ ಸಾರ್ ಅಂದ. ಉಸಿರು ಸಾಲದೆ ಒಂದು ಮಾತನ್ನು ನಾಲ್ಕು ತುಂಡು ಮಾಡಿ ಆಡುತ್ತಿದ್ದ ಮನುಷ್ಯ ಇದನ್ನು ಮಾತ್ರ ತಡೆಯಿಲ್ಲದೆ ಹೇಳಿದ.

ಅವನಿಗೆ ಶ್ವಾಸಕೋಶದ ಕಾಯಿಲೆ ಶುರುವಾಗಿ ಹತ್ತು ವರ್ಷದ ಮೇಲಾಗಿತ್ತು. ಭದ್ರಾವತಿಯ ಹೊರಗಿದ್ದ ಒಂದು ಸಣ್ಣ ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಂತು ಆಯಸ್ಸು ಕಳೆದವನು. ಎರಡು ಸಲ ಮಾಲೀಕರು ಬದಲಾಗಿ ಕೊನೆಗೆ ಫೌಂಡ್ರಿ ಮುಚ್ಚಿತು, ಧೂಳು ಮಾತ್ರ ಇವನ ಎದೆಯಲ್ಲಿ ಉಳಿಯಿತು. ಧೂಳಿನದೊಂದೇ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೀಡಿ ಬಿಡು ಎಂದು ಅಮ್ಮ ಕಾಲು ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಟ್ಟೆ ಎನ್ನುತ್ತಿದ್ದ. ಬಚ್ಚಲ ಹಿಂದೆ ಹೋಗಿ ಸೇದುತ್ತಿದ್ದ. ಹೀಗೆ ಬಿಟ್ಟೂ ಬಿಡದೆ ಇದ್ದವನಿಗೆ ವರ್ಷದಲ್ಲಿ ಒಂದೆರಡು ಸಲ ಉಬ್ಬಸ ಜೋರಾಗುತ್ತಿತ್ತು. ಪಕ್ಕದ ಮನೆಯವರ ವ್ಯಾನಿನಲ್ಲಿ ಅಮ್ಮ ಅವನನ್ನು ಶಿವಮೊಗ್ಗಕ್ಕೆ ಕರೆತರುತ್ತಿದ್ದಳು, ನಾನು ವಿನೋಬನಗರದ ಮನೆಯಿಂದ ನೇರ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ನಾನೊಬ್ಬಳೇ ಮಗಳು. ಸರ್ಕಾರಿ ಕಚೇರಿಯೊಂದರಲ್ಲಿ ಎಫ್‌ಡಿಎ. ನನ್ನ ರಜೆಯೆಲ್ಲ ಅಪ್ಪನ ಎದೆಗೇ ಹೋಗುತ್ತಿತ್ತು.

ಈ ಸಲ ಉಬ್ಬಸದ ಜೊತೆಗೆ ಕಾಲು ಬಾತಿತ್ತು, ಕಫ ಹಸಿರಾಗಿತ್ತು. ನೀರಿಳಿಸುವ ಇಂಜೆಕ್ಷನ್, ಸೋಂಕಿಗೆ ದೊಡ್ಡ ಇಂಜೆಕ್ಷನ್, ಎರಡನ್ನೂ ಶುರು ಮಾಡಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ಆದರೆ ಮಾತಿನಲ್ಲಿ ಆತುರ ಇರಲಿಲ್ಲ. ನನ್ನನ್ನು ಕಾರಿಡಾರಿಗೆ ಕರೆದು ಬಿಡಿಸಿ ಹೇಳಿದರು. ಹೀಗೆ ಉಬ್ಬಸ ಕೆರಳಿ ಆಸ್ಪತ್ರೆ ಸೇರಿದವರಲ್ಲಿ ಕೆಲವರಿಗೆ ಇದ್ದಕ್ಕಿದ್ದ ಹಾಗೆ ಕಿಡ್ನಿ ಕೈ ಕೊಡುತ್ತದೆ. ಮೈಗೆ ಆಕ್ಸಿಜನ್ ಸಾಲದೆ ಇರುವುದು, ಸೋಂಕು, ಔಷಧಿ, ನೀರು ಕಮ್ಮಿ ಕುಡಿಯುವುದು, ಎಲ್ಲ ಒಟ್ಟಿಗೆ ಹೊಡೆಯುತ್ತವೆ. ಅದು ಕಣ್ಣಿಗೆ ಕಾಣುವ ನೋವಲ್ಲ. ಮೂತ್ರ ಕಮ್ಮಿಯಾಗುವುದೇ ಮೊದಲ ಸುಳಿವು, ಬೇಗ ಗೊತ್ತಾದರೆ ಔಷಧಿ ಬದಲಾಯಿಸಿ ಸರಿ ಮಾಡಬಹುದು. ಪೈಪ್ ಬೇಡ ಎಂದರೆ ಬೇಡ, ಆದರೆ ಪ್ರತಿ ಸಲ ಅಳೆದು ಬರೆಯಲೇಬೇಕು ಎಂದರು. ನಾನು ಓದಿದವಳಂತೆ ತಲೆಯಾಡಿಸಿದೆ.

ಇಡೀ ವಾರ್ಡಿಗೆ ಹಗಲು ಇಬ್ಬರೇ ಸಿಸ್ಟರ್. ಒಬ್ಬಳು ಬಂದು ಬಿಳಿ ಯೂರಿನ್ ಪಾಟ್, ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು, ಒಂದು ಹಾಳೆ ಕೊಟ್ಟು ಹೋದಳು. ಹಾಳೆಯಲ್ಲಿ ಎರಡು ಕಾಲಂ. ಎಷ್ಟು ಕುಡಿದರು, ಎಷ್ಟು ಹೋಯಿತು. ಆಸ್ಪತ್ರೆಯವರು ಮಾಡಬೇಕಾದ ಕೆಲಸವನ್ನು ನಮ್ಮ ತಲೆಗೆ ಕಟ್ಟುತ್ತಾರೆ ಎಂದು ನನಗೆ ಉರಿಯಿತು. ಈಗಲೂ ಉರಿಯುತ್ತದೆ. ಆದರೆ ಆ ಉರಿಯ ಹಿಂದೆ ಅಡಗಿಕೊಳ್ಳುವ ಯೋಗ್ಯತೆ ನನಗಿಲ್ಲ.

ಮೊದಲ ಸಲ ನಾನೇ ಅಳೆದೆ. ಪರದೆ ಎಳೆದು ಹೊರಗೆ ನಿಂತಿದ್ದೆ, ಆಯ್ತು ಎಂದು ಅಪ್ಪ ಕೆಮ್ಮಿದ. ಪಾಟ್ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗಿ ಜಗ್ಗಿಗೆ ಸುರಿದೆ. ನೂರೈವತ್ತು, ಹಾಲಿಲ್ಲದ ಚಹಾದ ಬಣ್ಣ. ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿದೆ. ತಿರುಗಿಸಿದ್ದು ಅಪ್ಪನ ಕಡೆಗೇ. ಅವನು ನೋಡುತ್ತಿದ್ದ. ನನ್ನ ಮೂಗು, ಹುಬ್ಬು, ತುಟಿ ಎಲ್ಲವೂ ಏನು ಹೇಳುತ್ತಿದ್ದವೋ ಅದನ್ನೆಲ್ಲ ಓದಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಹೆತ್ತ ಅಪ್ಪನ ಮೂತ್ರ ನನಗೆ ಅಸಹ್ಯವಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ?

ಆಮೇಲೆ ಅವನು ನನಗೆ ಪಾಟ್ ಮುಟ್ಟಲು ಬಿಡಲಿಲ್ಲ. ನಾನು ಕ್ಯಾಂಟೀನಿಗೋ ಮೆಡಿಕಲ್ ಶಾಪಿಗೋ ಹೋಗಿ ಬರುವಷ್ಟರಲ್ಲಿ ಆಯಾ ಬಂದು ಚೆಲ್ಲಿದಳು ಎನ್ನುತ್ತಿದ್ದ.

"ಇನ್ನೂರಿತ್ತು. ಬರ್ಕೊ," ಎನ್ನುತ್ತಿದ್ದ.

ಬರೆದುಕೊಳ್ಳುತ್ತಿದ್ದೆ. ರಾತ್ರಿ ಅಮ್ಮ ಇರುತ್ತಿದ್ದಳು. ಬೆಳಿಗ್ಗೆ ನಾನು ಬಂದ ಮೇಲೆ ಅವಳು ನನ್ನ ಮನೆಗೆ ಸ್ನಾನಕ್ಕೆ ಹೊರಡುವಾಗ, ಅಪ್ಪ ರಾತ್ರಿಯ ಲೆಕ್ಕವನ್ನೂ ಅವಳ ಎದುರಿಗೇ ಬರೆಸುತ್ತಿದ್ದ. ಎರಡು ಸಲ ಹೋದೆ, ಒಂದು ಇನ್ನೂರು, ಒಂದು ಇನ್ನೂರೈವತ್ತು. ಅಮ್ಮ ಕೈಚೀಲದ ಜಿಪ್ ಎಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕುಡಿದ ನೀರಿನ ಲೆಕ್ಕವೂ ಹಾಗೆಯೇ. ಬಾಟಲಿ ಖಾಲಿಯಾಗಿರುತ್ತಿತ್ತು, ಒಂದು ಲೀಟರ್ ಎಂದು ಹಾಕುತ್ತಿದ್ದೆ. ಅದೇ ಬಾಟಲಿಯಿಂದ ಅಮ್ಮನೂ ಕುಡಿಯುತ್ತಿದ್ದಳು, ನಾನೂ ಕುಡಿಯುತ್ತಿದ್ದೆ. ಅಪ್ಪ ಕುಡಿಯುತ್ತಿದ್ದದ್ದು ಮಾತ್ರೆ ನುಂಗುವಷ್ಟು. ಕುಡಿದರೆ ಏಳಬೇಕು, ಎದ್ದು ಪಾಟ್ ಹಿಡಿದು ಕೂತರೆ ಉಸಿರು ಹೋದಂತಾಗುತ್ತದೆ, ಅದರ ಬದಲು ಕುಡಿಯದಿರುವುದೇ ವಾಸಿ ಎಂದು ಅವನು ತೀರ್ಮಾನಿಸಿಕೊಂಡಿದ್ದ. ಇದನ್ನು ಅವನು ಹೇಳಿದ್ದು ಎಲ್ಲ ಕೆಟ್ಟ ಮೇಲೆ.

ಹೀಗೆ ಬರೆಸುವುದು ಅವನಿಗೆ ಹೊಸದಲ್ಲ. ಫೌಂಡ್ರಿಯಲ್ಲಿ ಕುಲುಮೆಯ ಶಾಖವನ್ನು ಅರ್ಧ ಗಂಟೆಗೊಮ್ಮೆ ನೋಡಿ ಲಾಗ್ ಬುಕ್ಕಿನಲ್ಲಿ ಬರೆಯಬೇಕಿತ್ತು. ಹೈಸ್ಕೂಲಿನ ದಿನಗಳಲ್ಲಿ ನಾನು ಬುತ್ತಿ ತೆಗೆದುಕೊಂಡು ಹೋದಾಗ ನೋಡಿದ್ದೇನೆ. ಅಪ್ಪ ಮತ್ತವನ ಜೊತೆಯವರು ಶಿಫ್ಟ್ ಮುಗಿಯುವ ಹತ್ತು ನಿಮಿಷ ಮೊದಲು ಕೂತು ಎಂಟು ಗಂಟೆಯ ರೀಡಿಂಗನ್ನು ಒಂದೇ ಪೆನ್ನಿನಲ್ಲಿ ತುಂಬುತ್ತಿದ್ದರು. ಎಲ್ಲ ಒಂದೇ ಅಂಕಿ ಬಿದ್ದರೆ ಅನುಮಾನ ಬರುತ್ತದೆಂದು ನಡುನಡುವೆ ಐದೋ ಹತ್ತೋ ಹೆಚ್ಚುಕಮ್ಮಿ ಮಾಡುತ್ತಿದ್ದರು. ಮೀಟರ್ ನೋಡಿ ಬರೆಯುವವನು ಕೆಲಸ ಬಾರದವನು ಎಂದು ಅವರಲ್ಲಿ ತಮಾಷೆ. ಬೆಂಕಿಯ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲವಾ ಎಂದು ಅಪ್ಪ ಮೀಸೆ ತಿರುವುತ್ತಿದ್ದ. ನಿಜ ಹೇಳಬೇಕೆಂದರೆ ಗೊತ್ತಾಗುತ್ತಿತ್ತು, ಅವನ ಕೈಯಲ್ಲಿ ಎರಕ ಕೆಟ್ಟದ್ದು ಕಮ್ಮಿ. ಯಾವತ್ತಾದರೂ ಎಂಜಿನಿಯರ್ ಬಂದು ಪುಸ್ತಕ ಹಿಡಿದು ಕೇಳಿದರೆ, ಹಿಂದಿನ ಶಿಫ್ಟಿನವರು ಹಾಗೆ ಬಿಟ್ಟು ಹೋಗಿದ್ದರು ಸಾರ್ ಎಂದುಬಿಡುತ್ತಿದ್ದ. ಹಿಂದಿನ ಶಿಫ್ಟಿನವನೂ ಇವನ ಮೇಲೆ ಹಾಗೆಯೇ ಹೇಳುತ್ತಿದ್ದನಂತೆ, ಅದಕ್ಕಾಗಿ ಯಾರೂ ಯಾರ ಮೇಲೂ ಮುನಿಯುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತು ಇದನ್ನು ಹೇಳಿ ನಗುತ್ತಿದ್ದ, ನಾವೂ ನಗುತ್ತಿದ್ದೆವು.

ನನ್ನ ಕಚೇರಿಯೇನು ಕಮ್ಮಿಯಲ್ಲ. ಇನ್‌ಸ್ಪೆಕ್ಷನ್ ಹಿಂದಿನ ದಿನ ಮೂರು ತಿಂಗಳ ರಿಜಿಸ್ಟರನ್ನು ಒಂದೇ ಮಧ್ಯಾಹ್ನ ತುಂಬಿದವಳು ನಾನು. ಹಾಗಾಗಿ ಅಪ್ಪ ಇನ್ನೂರು ಎಂದಾಗ ನನ್ನ ಕೈ ತಡೆಯಲಿಲ್ಲ. ಹಾಳೆ ತುಂಬಿದರೆ ಕೆಲಸ ಮುಗಿದಂತೆ ಎನ್ನುವ ಬುದ್ಧಿ ನನಗೆ ಎರಡು ಕಡೆಯಿಂದ ಬಂದಿತ್ತು.

ಪಕ್ಕದ ಮಂಚದವರ ಹಾಳೆ ಅರ್ಧ ಖಾಲಿ ಇತ್ತು. ಸಿಸ್ಟರ್ ಅವರ ಸೊಸೆಯನ್ನು ಬೈದು, ಈ ಅಕ್ಕನ್ನ ನೋಡಿ ಕಲೀರಿ, ಎಷ್ಟು ನೀಟಾಗಿ ಬರೀತಾರೆ ಎಂದು ನನ್ನನ್ನು ತೋರಿಸಿದಳು. ನನಗೆ ಖುಷಿಯಾಯಿತು. ನಲವತ್ತಾರು ವರ್ಷದ ಹೆಂಗಸು, ಸುಳ್ಳು ಬರೆದದ್ದಕ್ಕೆ ಭೇಷ್ ಅನ್ನಿಸಿಕೊಂಡು ಹಿಗ್ಗಿದೆ.

ಮೂರನೆಯ ದಿನ ಬೆಳಿಗ್ಗೆ ರಕ್ತ ತೆಗೆಯಲು ಬಂದರು. ಅಪ್ಪನ ಎರಡೂ ಕೈ ಚುಚ್ಚಿ ಚುಚ್ಚಿ ನೀಲಿಗಟ್ಟಿದ್ದವು. ಇವತ್ತೊಂದು ದಿನ ಬಿಡಿ ಎಂದು ಗೋಗರೆದ. ಡಾಕ್ಟರು ನನ್ನ ಹಾಳೆಯನ್ನು ಎತ್ತಿಕೊಂಡು ಮೇಲಿನಿಂದ ಕೆಳಗೆ ಬೆರಳು ಆಡಿಸಿದರು. ಯೂರಿನ್ ಚೆನ್ನಾಗಿ ಹೋಗ್ತಿದೆ, ಮೊದಲ ದಿನದ ರಿಪೋರ್ಟೂ ಸರಿಯಿತ್ತು, ನಾಳೆ ತೆಗೆಯೋಣ ಎಂದರು. ಅಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಆ ಇಂಜೆಕ್ಷನ್‌ಗಳು ಅದೇ ಅಳತೆಯಲ್ಲಿ ಇನ್ನೊಂದು ದಿನ ಮುಂದುವರಿದವು.

ಅದೇ ದಿನ ಮಧ್ಯಾಹ್ನ ಅಪ್ಪ ನಿದ್ದೆ ಹೋಗಿದ್ದ. ಆಯಾ ನೆಲ ಒರೆಸಲು ಬಂದಳು, ಮಂಚದ ಕೆಳಗಿನ ಪಾಟ್ ಪಕ್ಕಕ್ಕೆ ಇಟ್ಟಳು. ಬೆಳಿಗ್ಗೆಯಿಂದ ಎಷ್ಟು ಸಲ ಚೆಲ್ಲಿದೆ ಎಂದು ಸುಮ್ಮನೆ ಕೇಳಿದೆ.

"ನಿನ್ನೆಯಿಂದ ನಾನು ಇದನ್ನ ಮುಟ್ಟೇ ಇಲ್ಲಮ್ಮ," ಅಂದಳು.

ಅವಳು ಹೋದ ಮೇಲೆ ಬಗ್ಗಿ ಪಾಟ್ ತೆಗೆದು ನೋಡಿದೆ. ತಳದಲ್ಲಿ ಹಳದಿ ಕಲೆ ಗಟ್ಟಿಯಾಗಿ ಒಣಗಿತ್ತು. ಅಲ್ಲಿ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳುವ ದಾರಿಯೇ ಇಲ್ಲ. ಸಿಸ್ಟರ್ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು. ಎದ್ದು ಹೋಗಿ ಹೇಳಿದ್ದರೆ ಎರಡು ನಿಮಿಷದ ಮಾತು. ಆದರೆ ಎರಡು ದಿನದ ಅಂಕಿಗಳು ಬಾಲ್‌ಪೆನ್ನಿನಲ್ಲಿ, ನನ್ನ ಅಕ್ಷರದಲ್ಲಿ, ಅಷ್ಟು ನೀಟಾಗಿ ಕೂತಿದ್ದವು. ಈಗ ಸೊನ್ನೆ ಹಾಕಿದರೆ ಮೇಲಿನದೆಲ್ಲ ಏನು ಎಂದು ಕೇಳುತ್ತಾರೆ. ಹೇಗೂ ನಾಳೆ ಬೆಳಿಗ್ಗೆ ರಕ್ತ ತೆಗೆಯುತ್ತಾರಲ್ಲ, ಸಂಜೆಯೊಳಗೆ ಅವನು ಒಂದು ಸಲ ಹೋದರೂ ಹೋದಾನು ಎಂದುಕೊಂಡೆ. ಕಚೇರಿಯಲ್ಲಿ ತಾಳೆಯಾಗದ ಲೆಕ್ಕವನ್ನು ಮುಂದಿನ ತಿಂಗಳಿಗೆ ತಳ್ಳುವ ಹಾಗೆ. ಪಾಟನ್ನು ಮತ್ತೆ ಮಂಚದ ಕೆಳಗೆ ಸರಿಸಿದೆ. ಹಾಳೆಯಲ್ಲಿ ಮಧ್ಯಾಹ್ನ ಎರಡು ಗಂಟೆಯ ಎದುರಿಗೆ ಇನ್ನೂರು ಎಂದು ಬರೆದೆ.

ಮರುದಿನ ಬೆಳಿಗ್ಗೆ ಅಪ್ಪನ ಮುಖ ಊದಿತ್ತು. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ಇಡ್ಲಿ ಬಾಯಿಗಿಟ್ಟರೆ ವಾಕರಿಕೆ. ಅಮ್ಮ ಆ ದಿನ ಮನೆಗೆ ಹೋಗಲಿಲ್ಲ. ರಕ್ತದ ರಿಪೋರ್ಟ್ ಬಂದದ್ದು ಹನ್ನೊಂದು ಗಂಟೆಗೆ. ಡಾಕ್ಟರು ಫೋನಿನಲ್ಲಿ ಯಾರಿಗೋ ಹೇಳುತ್ತಲೇ ವಾರ್ಡಿಗೆ ಬಂದರು. ಕಿಡ್ನಿಯ ಅಂಕಿ ಒಂದರ ಒಳಗಿದ್ದದ್ದು ಐದು ದಾಟಿತ್ತು, ಪೊಟ್ಯಾಸಿಯಂ ಏರಿತ್ತು. ಒಂದು ಕೈಯಲ್ಲಿ ರಿಪೋರ್ಟ್, ಇನ್ನೊಂದರಲ್ಲಿ ನನ್ನ ಹಾಳೆ. ಎರಡನ್ನೂ ಒಂದರ ಪಕ್ಕ ಒಂದು ಹಿಡಿದು, ದಿನಕ್ಕೆ ಒಂದೂಕಾಲು ಲೀಟರ್ ಹೋಗುತ್ತಿರುವವರಿಗೆ ಇದು ಹೇಗಾಯಿತು ಎಂದು ಕೇಳಿದರು. ಬೈಯುವ ದನಿಯಲ್ಲ. ನಿಜವಾಗಿ ಅರ್ಥವಾಗದೆ ಕೇಳಿದರು. ಚಿಕಿತ್ಸೆ ಯಾವ ದಾರಿ ಹಿಡಿಯಬೇಕು ಎನ್ನುವುದು ನನ್ನ ಉತ್ತರದ ಮೇಲೆ ನಿಂತಿತ್ತು.

ಹೇಳಿದೆ.

"ಅದು ಅಳೆದಿದ್ದಲ್ಲ ಸರ್. ಅಪ್ಪ ಹೇಳಿದ್ದನ್ನ ಬರ್ದಿದೀನಿ. ಎಲ್ಲಾನೂ ಅವರು ಹೇಳಿದ್ದೇ."

ಅಪ್ಪನಿಗೆ ಎಚ್ಚರ ಚೆನ್ನಾಗಿಯೇ ಇತ್ತು. ಮಾಸ್ಕ್ ಇಳಿಸಿದ.

"ನಂಗೇನು ಗೊತ್ತು ಸಾರ್, ಮಲಗಿರೋನಿಗೆ," ಅಂದ. ಬಿಕ್ಕಳಿಸಿದ, ಮತ್ತೆ ಅಂದ, "ಅವಳೇ ಬರ್ಕೋತಿದ್ಲು."

ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ನಾನು ಅವಳ ಮುಖ ನೋಡಿದೆ. ರಾತ್ರಿಯೆಲ್ಲ ಪಕ್ಕದಲ್ಲಿದ್ದವಳು, ಪ್ರತಿ ಬೆಳಿಗ್ಗೆ ಅವನು ನನಗೆ ಬರೆಸಿದ್ದನ್ನು ಕೇಳಿಸಿಕೊಂಡವಳು. ಅವಳು ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿದಳು. ಡಾಕ್ಟರು ಅಪ್ಪನ ಮುಖ, ನನ್ನ ಮುಖ ಎರಡನ್ನೂ ನೋಡಿ, ಯಾರನ್ನು ನಂಬಬೇಕು ಎಂಬ ಗೋಜಿಗೆ ಹೋಗದೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಖಾಲಿ ಬಿಟ್ಟಿದ್ರೂ ಆಗ್ತಿತ್ತು ಮೇಡಂ," ಅಂದರು. "ಖಾಲಿ ಇದ್ದಿದ್ರೆ ನಾನು ಕೇಳ್ತಿದ್ದೆ."

ಹೊಡೆದಿದ್ದರೆ ಇದಕ್ಕಿಂತ ಕಮ್ಮಿ ನೋಯುತ್ತಿತ್ತು.

ಅಪ್ಪನನ್ನು ಐಸಿಯುಗೆ ಸಾಗಿಸಿದರು. ಅವನು ಕೈ ಮುಗಿದು ತಪ್ಪಿಸಿಕೊಂಡಿದ್ದ ಪೈಪನ್ನು ಕೈ ಮುಗಿಯುವ ಮೊದಲೇ ಹಾಕಿದರು. ಕುತ್ತಿಗೆಯ ಹತ್ತಿರ ಇನ್ನೊಂದು ದಪ್ಪ ಪೈಪ್ ಹಾಕಿ ಎರಡು ಸಲ ಡಯಾಲಿಸಿಸ್ ಮಾಡಿದರು. ಅದು ನಡೆಯುವಾಗ ನಾನು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತು, ಬದುಕಲಿ ಎಂದು ಒಂದು ಸಲ, ಹೀಗೆ ನನ್ನ ತಲೆ ಮೇಲೆ ಗೂಬೆ ಕೂರಿಸಿದನಲ್ಲ ಎಂದು ಹತ್ತು ಸಲ ಅಂದುಕೊಂಡೆ. ಬದುಕಿದ. ವಾರ ಕಳೆಯುವಷ್ಟರಲ್ಲಿ ಚೀಲದಲ್ಲಿ ಮೂತ್ರ ಇಳಿಯತೊಡಗಿತು. ಕಿಡ್ನಿ ಪೂರ್ತಿ ಮೊದಲಿನಂತಾಗುವುದಿಲ್ಲ, ಇನ್ನೊಂದು ಪೆಟ್ಟು ತಡೆಯುವ ಶಕ್ತಿ ಅದಕ್ಕೆ ಇರುವುದು ಕಷ್ಟ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ಭದ್ರಾವತಿಯ ಮನೆಗೆ ಪ್ರತಿ ಭಾನುವಾರ ಹೋಗುತ್ತಿದ್ದೆ. ಮೂರೋ ನಾಲ್ಕೋ ಭಾನುವಾರ ಬಾಯಿ ಕಟ್ಟಿಕೊಂಡಿದ್ದು, ಒಂದು ದಿನ ಅಮ್ಮ ತರಕಾರಿಗೆ ಹೋದಾಗ ಕೇಳಿಯೇಬಿಟ್ಟೆ. ಡಾಕ್ಟರ ಎದುರಿಗೆ ಯಾಕೆ ಹಾಗೆ ಹೇಳಿದೆ ಎಂದೆ. ಅವನು ಜಗಲಿಯ ಕುರ್ಚಿಯಲ್ಲಿ ಇನ್‌ಹೇಲರ್ ಅಲ್ಲಾಡಿಸುತ್ತಾ ಕೂತಿದ್ದ. ನಾಚಿಕೆಯಾಗುತ್ತದೆ, ತಡವರಿಸುತ್ತಾನೆ ಎಂದುಕೊಂಡಿದ್ದೆ. ಏನೂ ಇಲ್ಲ. ಬಸ್ಸಿನ ಟೈಮ್ ಹೇಳುವವನ ಹಾಗೆ ಹೇಳಿದ.

"ಡಾಕ್ಟ್ರು ನಿನ್ ಮೇಲೆ ಸಿಟ್ಟಾದ್ರೆ ನಿಂಗೇನಾಗುತ್ತೆ? ನನ್ ಮೇಲೆ ಸಿಟ್ಟಾದ್ರೆ ನನ್ನ ನೋಡೋರ್ಯಾರು ಮಾರಾಯ್ತಿ?"

ಎರಡು ಸಲ ಇನ್‌ಹೇಲರ್ ಎಳೆದುಕೊಂಡು, ಚಹಾ ಇಡ್ತೀಯಾ ಎಂದು ಕೇಳಿದ. ಅವನ ಪ್ರಕಾರ ನಾನು ಹಿಂದಿನ ಶಿಫ್ಟಿನವಳು. ಮುನಿಸಿಕೊಳ್ಳುವಂಥದ್ದು ಏನಿದೆ? ಚಹಾ ಇಟ್ಟೆ. ಲೋಟವನ್ನು ಅವನ ಮುಂದೆ ಕುಕ್ಕಿ ಮುಂದಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದೆ. ಆಮೇಲೆ ಒಂದು ತಿಂಗಳು ಹೋಗಲಿಲ್ಲ. ಕಚೇರಿಯಲ್ಲಿ ಕೆಲಸ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಹೋಗದೆ ಇದ್ದದ್ದಕ್ಕೆ ಆಗ ಸಮಾಧಾನವಾಗಿತ್ತು ಎನ್ನುವುದನ್ನೂ ಬರೆದುಬಿಡುತ್ತೇನೆ.

ಚಳಿ ಶುರುವಾದ ಮೇಲೆ ಮತ್ತೆ ಉಬ್ಬಸ ಕೆರಳಿತು. ಅದೇ ಆಸ್ಪತ್ರೆ, ಅದೇ ಡಾಕ್ಟರು. ಈ ಸಲ ಯಾರನ್ನೂ ಕೇಳದೆ ಪೈಪ್ ಹಾಕಿದರು, ಯಾರ ಕೈಗೂ ಹಾಳೆ ಕೊಡಲಿಲ್ಲ. ಮೊದಲ ದಿನವೇ ಕಿಡ್ನಿ ನಿಂತಿತು, ಮೂರನೆಯ ದಿನ ಅಪ್ಪ ಹೋದ. ಹಿಂದಿನ ಸಲ ಹಾಗಾಗದೆ ಇದ್ದಿದ್ದರೆ ಉಳಿಯುತ್ತಿದ್ದರಾ ಎಂದು ಡಾಕ್ಟರನ್ನು ಕೇಳಿದೆ. ಶ್ವಾಸಕೋಶವೇ ಅಷ್ಟು ಕೆಟ್ಟಿತ್ತು, ಹಾಗೆಲ್ಲ ಹೇಳೋಕಾಗಲ್ಲ ಎಂದರು. ಒಳ್ಳೆಯ ಮನುಷ್ಯ. ನನ್ನ ಕಣ್ಣು ನೋಡಿ ಮಾತ್ರ ಹೇಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರೆಲ್ಲ ಭದ್ರಾವತಿಯ ಮನೆಗೆ ಬಂದಿದ್ದರು. ಪಂಕ್ತಿಯಲ್ಲಿ ನಾನು ಪಲ್ಯ ಬಡಿಸುತ್ತಿದ್ದೆ. ಅಪ್ಪನ ಅಕ್ಕ, ನನ್ನ ಅತ್ತೆ, ಎಲೆಯ ಮೇಲೆ ಕೈ ಅಡ್ಡ ಹಿಡಿದು ನನ್ನ ಪಲ್ಯ ಬೇಡ ಎಂದಳು. ಪಕ್ಕದವಳಿಗೆ ಹೇಳುವ ಹಾಗೆ, ನನಗೂ ಕೇಳುವ ಹಾಗೆ, ತಮ್ಮನೇ ಫೋನಿನಲ್ಲಿ ತನಗೆ ಎಲ್ಲ ಹೇಳಿದ್ದಾನೆ ಎಂದಳು. ಮಗಳು ಆಸ್ಪತ್ರೆಯಲ್ಲಿ ಮನಸ್ಸಿಗೆ ಬಂದದ್ದು ಗೀಚಿದ್ದಕ್ಕೇ ಕಿಡ್ನಿ ಹೋಯಿತಂತೆ. ಇಷ್ಟು ಓದಿ, ಸರ್ಕಾರಿ ನೌಕರಿ ಮಾಡಿ, ಅಪ್ಪನ ಒಂದು ಹಾಳೆ ಸರಿಯಾಗಿ ಬರೆಯಲು ಬರಲಿಲ್ಲವಂತೆ. ಆ ಸಾಲಿನಲ್ಲಿ ಕೂತಿದ್ದ ಯಾರಿಗೂ ಇದು ಹೊಸ ಸುದ್ದಿ ಅನ್ನಿಸಲಿಲ್ಲ. ಎಲ್ಲರಿಗೂ ಅವನು ಫೋನ್ ಮಾಡಿ ಹೇಳಿಕೊಂಡಿದ್ದ. ಕೂತು ನಾಲ್ಕು ಮಾತಾಡಲು ಉಸಿರಿಲ್ಲದವನಿಗೆ ಇದಕ್ಕೆ ಮಾತ್ರ ಎಲ್ಲಿಂದ ಉಸಿರು ಬಂತೋ. ಅಮ್ಮ ಅನ್ನದ ಪಾತ್ರೆ ಹಿಡಿದು ಎರಡು ಎಲೆಯ ಆಚೆ ನಿಂತಿದ್ದಳು. ನಾನು ಕಾದೆ. ಅವಳು ಅತ್ತೆಯ ಎಲೆಗೆ ಅನ್ನ ಬಡಿಸಿ ಮುಂದಕ್ಕೆ ಹೋದಳು.

ನೆಂಟರು ಕೈ ತೊಳೆಯಲು ಎದ್ದಾಗ ಅಡುಗೆಮನೆಯಲ್ಲಿ ಅವಳ ಮುಂದೆ ನಿಂತೆ. ನಾನು ಕೇಳುವ ಮೊದಲೇ ನನ್ನ ಮೊಣಕೈ ಹಿಡಿದುಕೊಂಡಳು.

"ನಂಗೆ ಗೊತ್ತಿಲ್ವಾ? ಅವ್ರು ಹೇಳಿದ್ದನ್ನೇ ನೀನು ಬರ್ದಿದ್ದು. ಒಂದು ಅಕ್ಷರ ನಿನ್ನದಲ್ಲ," ಅಂದಳು. "ಹೋದೋರನ್ನ ಹೇಗೆ ಕೆಟ್ಟೋರು ಮಾಡ್ಲಿ? ನೀನು ಇದೀಯಲ್ಲ, ತಡ್ಕೋತೀಯ."

ಹಿಂದಿನ ಸಲ ಆಸ್ಪತ್ರೆಯಲ್ಲಿ ಮೂರನೆಯ ದಿನದ ಮಧ್ಯಾಹ್ನ ಅಪ್ಪ ನಿದ್ದೆಯಲ್ಲಿದ್ದ, ಒಣಗಿದ ಪಾಟ್ ನೋಡಿದ ಮೇಲೂ ಬರೆದ ಆ ಇನ್ನೂರನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಬಾಯಿಯ ತನಕ ಬಂತು. ನನ್ನನ್ನು ನಂಬಿರುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು. ಹೂಂ ಅಂದೆ.